ಸ್ಪಷ್ಟನೆ: ಯಂತ್ರ ಬಂದರೆ ಮೇಲು-ಕೀಳು ತಾನಾಗಿ ಹೋಗುವುದಿಲ್ಲ

‘ಮೇಲು-ಕೀಳು ಹುಟ್ಟಿದ್ದೇ ಬೇಸಾಯದಿಂದ, ಯಂತ್ರ ಬಂದರೆ ತಾನಾಗಿ ಅಳಿಯುತ್ತದೆ’ ಎಂಬ ಸಂದೇಶ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಎರಡೂ ಪೂರ್ತಿ ನಿಜವಲ್ಲ.

ರಷ್ಯಾದ ಸುಂಗೀರ್‌ನಲ್ಲಿ ಬೇಸಾಯಕ್ಕೂ 20,000 ವರ್ಷ ಮೊದಲೇ ಬೇಟೆಗಾರರು ಇಬ್ಬರು ಮಕ್ಕಳನ್ನು 10,000ಕ್ಕೂ ಹೆಚ್ಚು ಮ್ಯಾಮತ್ ದಂತದ ಮಣಿಗಳೊಂದಿಗೆ ಹೂತಿದ್ದರು. ಆ ಮಕ್ಕಳು ದುಡಿದು ಗಳಿಸಿದ್ದಂತೂ ಅಲ್ಲ! ಬೇಸಾಯ ಬಂದ ಮೇಲೆ ದವಸ ಕೂಡಿಟ್ಟು, ಹೊಲ ಮಕ್ಕಳಿಗೆ ಇಳಿಯುತ್ತ ಬಂದಾಗ ಅಂತರ ಗಟ್ಟಿಯಾಯಿತು, ಅಷ್ಟೇ.

ಇನ್ನು ಯಂತ್ರ. ಕಬ್ಬು ಕಟಾವು ಯಂತ್ರ ಗದ್ದೆಗಿಳಿದರೆ ಮಚ್ಚು ಹಿಡಿದವರಿಗೆ ಕೂಲಿ ತಪ್ಪುತ್ತದೆ, ಬಾಡಿಗೆ ಯಂತ್ರದ ಯಜಮಾನನ ಜೇಬಿಗೆ. ಮಲಗುಂಡಿಗೂ ಯಂತ್ರ ಬಂದಿದೆ, ಮನುಷ್ಯರಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯೂ ಇದೆ. ಪೈಪು ಹಿಡಿದು ನಿಂತವರು ಯಾವ ಕೇರಿಯವರು, ಒಮ್ಮೆ ವಿಚಾರಿಸಿ. ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಹಿಂದುಳಿದವರಿಗೆ ಬಾಗಿಲು ತೆರೆಯಲು ನಾಲ್ವಡಿಯವರು ಯಂತ್ರಕ್ಕೆ ಕಾಯಲಿಲ್ಲ; 1918ರಲ್ಲಿ ನೇಮಿಸಿದ್ದು ಮಿಲ್ಲರ್ ಸಮಿತಿಯನ್ನು.