ಮೊದಲು ಸೊನ್ನೆ ತುಂಬು, ಆಮೇಲೆ ಯೋಚಿಸು

ಮಗುವಿನ ತಲೆಯಲ್ಲಿ ಏನಿದೆ ಅಂತ ತಿಳಿಯಲು ಮನುಷ್ಯ ಕಂಡುಕೊಂಡ ಉಪಾಯ ಏನು ಗೊತ್ತಾ? ಅದರ ಜೊತೆ ಮಾತಾಡದೇ ಇರುವುದು. ಸರಿ ಉತ್ತರ ಆರಿಸುವ ಪರೀಕ್ಷೆ ಅಂತ ಸಾಲು ಸಾಲು ಪುಟ್ಟ ಸೊನ್ನೆಗಳಿರುವ ಹಾಳೆ ಕೊಡಿ, ಒಂದೊಂದು ಆಯ್ಕೆಗೆ ಒಂದೊಂದು ಸೊನ್ನೆ. ಸರಿಯಾದ ಸೊನ್ನೆಗೆ ಮಸಿ ಬಳಿದವ ಜಾಣ, ಪಕ್ಕದ್ದಕ್ಕೆ ಬಳಿದವ ದಡ್ಡ. ಯಾಕಪ್ಪಾ ಅಲ್ಲಿ ಬಳಿದೆ ಅಂತ ಕೇಳುವ ಹಾಗಿಲ್ಲ, ಉತ್ತರ ಬರೆಯೋಕೆ ಹಾಳೆಯಲ್ಲಿ ಜಾಗವೇ ಇಲ್ಲ.

1915ರ ಸುಮಾರಿಗೆ ಅಮೆರಿಕದ ಕಾನ್ಸಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬವರು ಇದಕ್ಕೆ ದಾರಿ ಹಾಕಿದರು. ಅವರ ಒಂದು ಪ್ರಶ್ನೆ: ಹಸು, ಹುಲಿ, ಇಲಿ, ತೋಳ, ಇವುಗಳಲ್ಲಿ ಹೊಲಮನೆಗೆ ಉಪಯೋಗವಾಗುವ ಪ್ರಾಣಿಗೆ ಸುತ್ತು ಹಾಕಿ. ಹಸು, ಒಪ್ಪಿದೆ. ಆದರೆ 'ತೋಳ ಇದ್ದರೆ ಬೆಳೆ ತಿನ್ನುವ ಜಿಂಕೆ ಕಮ್ಮಿಯಾಗುತ್ತೆ ಅಲ್ವಾ' ಅಂತ ಪೆನ್ಸಿಲ್ ಕಚ್ಚಿಕೊಂಡು ಕೂತ ಹುಡುಗಿ? ಇಡೀ ತರಗತಿಯಲ್ಲಿ ಯೋಚನೆ ಮಾಡಿದವಳು ಅವಳೊಬ್ಬಳೇ, ಅವಳಿಗೇ ಅಂಕ ಇಲ್ಲ. 1938ರಲ್ಲಿ ಐಬಿಎಂ ಕಂಪನಿಯವರ ಉತ್ತರದ ಹಾಳೆ ತಿದ್ದುವ ಯಂತ್ರ ಬಂತು. ಪೆನ್ಸಿಲ್ ಗುರುತಿನಲ್ಲಿ ಕರೆಂಟ್ ಹರಿದರೆ ಅಂಕ, ಹರಿಯದಿದ್ದರೆ ಇಲ್ಲ.

ಸುಮ್ನೆ ಬೈಯಬಾರದು, ಒಳ್ಳೆಯದೂ ಇದೆ. ಮುಖ ನೋಡಿ ಮಣೆ ಹಾಕುವ ಮೇಷ್ಟ್ರ ಆಟ ಇಲ್ಲಿ ನಡೆಯುವುದಿಲ್ಲ. 1845ರಲ್ಲಿ ಬಾಸ್ಟನ್‌ನಲ್ಲಿ ಬಾಯಿ ಪರೀಕ್ಷೆ ಬಿಟ್ಟು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಾಗ, ಹೆಸರಾಂತ ಶಾಲೆಗಳ ಮಕ್ಕಳಿಗೂ ಎಷ್ಟೊಂದು ಬರುವುದಿಲ್ಲ ಅಂತ ನೋಡಿ ಪರೀಕ್ಷಕರೇ ಬೆಚ್ಚಿಬಿದ್ದರು. ಮುಚ್ಚಿಟ್ಟದ್ದು ಹೊರಗೆ ಬಂತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ನಿಲ್ಲಿಸಲಿಲ್ಲ. ಮಕ್ಕಳ ಅಂಕ ನೋಡಿ ಶಾಲೆಗೆ ಅಂಕ, ಶಾಲೆಯ ಅಂಕ ನೋಡಿ ಮೇಷ್ಟ್ರ ನೌಕರಿ. ಆಮೇಲೆ ಚಿತ್ರಕಲೆ, ಸಂಗೀತದ ಪೀರಿಯಡ್ ಹೋಗಿ ಆ ಜಾಗದಲ್ಲಿ ಮಾಕ್ ಟೆಸ್ಟ್ ಬಂದು ಕೂತಿತು. ಅದರಲ್ಲಿ ಕಲಿಸುವ ಮಹಾವಿದ್ಯೆ: ಗೊತ್ತಿಲ್ಲದಿದ್ದರೆ ಯಾವುದಾದರೂ ಒಂದು ತುಂಬು, ಖಾಲಿ ಮಾತ್ರ ಬಿಡಬೇಡ. ನಾಲ್ಕು ಆಯ್ಕೆಯ 40 ಪ್ರಶ್ನೆಗೆ ಕಣ್ಣು ಮುಚ್ಚಿ ತುಂಬಿದರೂ ಸರಾಸರಿ 10 ಸರಿಯಾಗುತ್ತವೆ. ಅದೂ ಪ್ರತಿಭೆಯೇ ಬಿಡಿ.

ಅಮೆರಿಕದ ಅಟ್ಲಾಂಟಾದಲ್ಲಂತೂ ಮೇಷ್ಟ್ರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳು ಮನೆಗೆ ಹೋದ ಮೇಲೆ ರಬ್ಬರ್ ಹಿಡಿದು ಕೂತು, ತಪ್ಪು ಸೊನ್ನೆ ಅಳಿಸಿ ಸರಿ ಸೊನ್ನೆ ತುಂಬಿದರು. 2011ರಲ್ಲಿ ತನಿಖಾ ವರದಿ ಬಂದಾಗ 44 ಶಾಲೆಗಳ 178 ಮಂದಿಯ ಹೆಸರು ಅದರಲ್ಲಿತ್ತು. ಸುಳಿವು ಕೊಟ್ಟಿದ್ದು ಯಾರು ಅಂದುಕೊಂಡಿರಿ? ಉತ್ತರದ ಹಾಳೆ ಓದುವ ಯಂತ್ರವೇ. ತಪ್ಪನ್ನು ಅಳಿಸಿ ಸರಿ ಮಾಡಿದ ಗುರುತು ಇಷ್ಟೊಂದು ಇರಲು ಸಾಧ್ಯವಿಲ್ಲ ಅಂತ ಅದರ ಲೆಕ್ಕವೇ ಹೇಳಿತು. ಮೇಷ್ಟ್ರುಗಳು ಅಷ್ಟು ಕಷ್ಟಪಟ್ಟು ಬರೆದ ಪರೀಕ್ಷೆ ಅದೊಂದೇ ಇರಬೇಕು, ಪಾಪ, ಅದರಲ್ಲೂ ಫೇಲ್.