ಎಲ್ಲ ಬಾವಲಿಗಳೂ ಗುಹೆವಾಸಿಗಳಲ್ಲ

ಹಣ್ಣು ತಿನ್ನುವ ಬಾವಲಿಗಳು ಹಗಲೆಲ್ಲ ಗುಹೆಯಲ್ಲೇ ಇರುತ್ತವೆ ಎಂದು, ಬಾವಲಿಗಳನ್ನು ಉಳಿಸುವ ಕುರಿತು ನಾನು ಓದಿದ ಲೇಖನವೊಂದರಲ್ಲಿದೆ. ಅದು ಕೆಲವಕ್ಕೆ ಮಾತ್ರ ನಿಜ. ನಾಲಿಗೆಯಿಂದ ಟಿಕ್ ಟಿಕ್ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ಕತ್ತಲಲ್ಲಿ ದಾರಿ ಕಂಡುಕೊಳ್ಳುವ ರೌಸೆಟಸ್ ಬಾವಲಿಗಳು ಗುಹೆ ಹಿಡಿಯುತ್ತವೆ, ಸರಿ. ದೊಡ್ಡ ಬಾವಲಿಗಳಾದರೋ ಎತ್ತರದ ಮರಗಳ ಕೊಂಬೆಗಳಲ್ಲಿ ಬಿಸಿಲಿಗೇ ಮೈಯೊಡ್ಡಿ ನೂರಾರು ಸಂಖ್ಯೆಯಲ್ಲಿ ನೇತಾಡುತ್ತವೆ. ಸೆಖೆ ಹೆಚ್ಚಾದರೆ ರೆಕ್ಕೆಯಿಂದಲೇ ಗಾಳಿ ಬೀಸಿಕೊಳ್ಳುತ್ತವೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಎನಿಸುವುದು ಎಲೆಯಲ್ಲೇ ಡೇರೆ ಕಟ್ಟುವವು. ಮಧ್ಯ ಅಮೆರಿಕದ ಮಳೆಕಾಡಿನಲ್ಲಿ ಹತ್ತಿಯುಂಡೆಯಂಥ ಪುಟ್ಟ ಬಿಳಿ ಬಾವಲಿಯೊಂದಿದೆ. ತೂಕ ಸುಮಾರು 5–6 ಗ್ರಾಂ ಅಷ್ಟೇ. ಬಾಳೆಯಂಥ ಅಗಲ ಎಲೆಯ ಹೆಲಿಕೋನಿಯಾ ಗಿಡದ ಎಲೆಯ ನಡುದಿಂಡಿನ ಎರಡೂ ಪಕ್ಕದ ನರಗಳನ್ನು ಇದು ಕಡಿಯುತ್ತದೆ. ಎಲೆ ಎರಡು ಕಡೆಗೂ ಬಾಗಿ ಚಾವಣಿಯಾಗುತ್ತದೆ, ಅದರಡಿ ನಾಲ್ಕಾರು ಒತ್ತೊತ್ತಾಗಿ ಮಲಗುತ್ತವೆ. ಎಲೆಯೊಳಗಿಂದ ಸೋಸಿ ಬರುವ ಬೆಳಕಿಗೆ ಬಿಳಿ ಮೈಯೂ ಹಸಿರಾಗಿ ಕಾಣುತ್ತದೆ. ಎಷ್ಟು ಚಂದದ ಅಡಗುತಾಣ! ನಮ್ಮ ಏಷ್ಯಾದ ಗಿಡ್ಡಮೂತಿಯ ಬಾವಲಿಗಳಲ್ಲೂ ಗಂಡು ತಾಳೆಯ ಎಲೆಗಳನ್ನೋ ಬಳ್ಳಿಗಳನ್ನೋ ಕಚ್ಚಿ ಕತ್ತರಿಸಿ ಗೂಡು ಮಾಡಿ, ಹೆಣ್ಣುಗಳನ್ನು ಸೇರಿಸಿಕೊಳ್ಳುತ್ತದೆ.

ಗುಹೆ ಉಳಿಸಿದರೆ ಸಾಕು ಎಂಬ ಲೇಖನದ ಸಲಹೆಯನ್ನು ಒಪ್ಪಲಾರೆ. ಕಾಟವಿಲ್ಲದಿದ್ದರೆ ದೊಡ್ಡ ಬಾವಲಿಗಳು ವರ್ಷಗಟ್ಟಲೆ ಅದೇ ಮರಗಳಿಗೆ ಮರಳುತ್ತವೆ. ಹಳೆಯ ಹೆಮ್ಮರಗಳನ್ನೂ ಕಾಡಿನ ತಳದ ಅಗಲೆಲೆ ಗಿಡಗಳನ್ನೂ ದಯವಿಟ್ಟು ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿ.