ಸಂಘ ಉಳಿಯಲು ಐವರು ಬೇಕು

ಕರ್ನಾಟಕದಲ್ಲಿ ಬೌದ್ಧಧರ್ಮ ಏಕೆ ಅಳಿಯಿತು ಎಂದು ಕೇಳಿದಾಗಲೆಲ್ಲ ವಾದದಲ್ಲಿ ಸೋಲು, ರಾಜಾಶ್ರಯದ ಕೊರತೆ ಎಂಬ ಎರಡು ಕಾರಣ ಕೊಟ್ಟು ನಾವು ಮಾತು ಮುಗಿಸುತ್ತೇವೆ. ಶ್ರೀಲಂಕೆಯ ಕ್ಯಾಂಡಿಯಲ್ಲಿ ನೆಲೆಸಿದ ಮೇಲೆ ಈ ಉತ್ತರ ನನಗೆ ಸಾಲದೆನಿಸಿದೆ. ಏಕೆಂದರೆ ಇಲ್ಲಿಯೂ ಭಿಕ್ಷುಪರಂಪರೆ ಒಂದಕ್ಕಿಂತ ಹೆಚ್ಚು ಸಲ ಕಡಿದುಹೋಗಿತ್ತು.

ಭಿಕ್ಷುಗಳ ನಡಾವಳಿಯ ಕಟ್ಟಳೆಯಾದ ವಿನಯದ ನಿಯಮದಂತೆ ಉಪಸಂಪದೆ, ಅಂದರೆ ಪೂರ್ಣ ಭಿಕ್ಷುದೀಕ್ಷೆ, ಕೊಡಲು ಮಧ್ಯದೇಶದಲ್ಲಿ (ಬುದ್ಧ ಓಡಾಡಿದ ಗಂಗಾ ಬಯಲಿನ ನಾಡಿನಲ್ಲಿ) ಹತ್ತು ಮಂದಿ, ಗಡಿನಾಡುಗಳಲ್ಲಿ ಕನಿಷ್ಠ ಐವರು ಭಿಕ್ಷುಗಳು ಸೇರಬೇಕು. ಅಷ್ಟು ಜನ ಸಿಗದಿದ್ದರೆ ಗ್ರಂಥ, ಸ್ತೂಪ, ಭಕ್ತರು ಎಲ್ಲ ಇದ್ದೂ ಸಂಘ ಬೆಳೆಯದು. ಲಂಕೆಯಲ್ಲಿ ಹೀಗೆ ಆದಾಗ, ಚೋಳರನ್ನು ಹೊರಗಟ್ಟಿದ ದೊರೆ ಒಂದನೇ ವಿಜಯಬಾಹು 11ನೇ ಶತಮಾನದಲ್ಲಿ ಬರ್ಮಾದಿಂದ ಭಿಕ್ಷುಗಳನ್ನು ಕರೆಸಿಕೊಂಡ. 18ನೇ ಶತಮಾನದಲ್ಲಿ ಮತ್ತೆ ಅದೇ ಗತಿಯಾದಾಗ, ಇಲ್ಲಿಯ ಸನ್ಯಾಸಿ ವೆಲಿವಿಟ ಶರಣಂಕರರ ಒತ್ತಾಸೆಯಿಂದ ದೊರೆ ಕೀರ್ತಿ ಶ್ರೀ ರಾಜಸಿಂಹ ಡಚ್ಚರ ಹಡಗಿನಲ್ಲಿ ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ, ದೂತರನ್ನಟ್ಟಿದ. 1753ರಲ್ಲಿ ಅಲ್ಲಿಂದ ಹಿರಿಯ ಭಿಕ್ಷು ಉಪಾಲಿ ಥೇರರು ಬಂದು ದೀಕ್ಷೆ ಕೊಟ್ಟರು. ದಕ್ಷಿಣ ಭಾರತದ ನಾಯಕ್ಕರ ವಂಶದವನೇ ಈ ದೊರೆ ಎಂಬುದು ನಮ್ಮವರು ಗಮನಿಸಬೇಕಾದ ಸಂಗತಿ.

ಅಶೋಕನ ಕಾಲದಲ್ಲಿ ಮಹೇಂದ್ರ ಲಂಕೆಗೆ ಬಂದಂತೆ ರಕ್ಖಿತ ಥೇರರು ವನವಾಸಕ್ಕೆ ಹೋದರೆಂದು ಲಂಕೆಯ ಹಳೆಯ ಪಾಲಿ ಇತಿಹಾಸಕಾವ್ಯ ಮಹಾವಂಶ ಹೇಳುತ್ತದೆ; ಅದು ನಮ್ಮ ಬನವಾಸಿಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಗದಗ ಜಿಲ್ಲೆಯ ಡಂಬಳದ 1095ರ ಶಾಸನ ನೋಡಿದರೆ ಆಗಲೂ ಅಲ್ಲಿ ಸೆಟ್ಟರು ಕಟ್ಟಿಸಿದ ಬುದ್ಧವಿಹಾರವೂ ತಾರಾದೇವಿಯ ವಿಹಾರವೂ ಇದ್ದವು. ಆದರೆ ಲಂಕೆ ಕೈಚಾಚಲು ಬರ್ಮಾ, ಸಯಾಮುಗಳಿದ್ದವು. ಡಂಬಳದವರು ನೋಡಬಹುದಾಗಿದ್ದ ನಾಲಂದಾ, ವಿಕ್ರಮಶಿಲೆಗಳು 1200ರ ಆಸುಪಾಸಿನಲ್ಲಿ ನಾಶವಾದವು. ವರ್ತಕರ ದತ್ತಿಯನ್ನೇ ನೆಚ್ಚಿದ ವಿಹಾರಕ್ಕೆ ವ್ಯಾಪಾರ ಇಳಿದರೆ ಆಸರೆ ತಪ್ಪುತ್ತದೆ ಎಂಬುದೂ ನನ್ನ ಅನುಮಾನ. ಇಲ್ಲಿ ಹಾಗಲ್ಲ. ನಮ್ಮ ಬೀದಿಯ ವಿಹಾರದಲ್ಲಿ ಇಂಥ ತಾರೀಖಿನ ದಾನೆ, ಅಂದರೆ ಭಿಕ್ಷುಗಳ ಊಟ, ಇಂಥ ಮನೆಯವರದು ಎಂದು ಬರೆದಿಟ್ಟಿರುತ್ತಾರೆ. ಆ ದಿನ ಅನ್ನ, ಪರಿಪ್ಪು (ಬೇಳೆಸಾರು), ಹಲಸಿನ ಪಲ್ಯ ಮಧ್ಯಾಹ್ನದೊಳಗೆ ಅಲ್ಲಿಗೆ ತಲುಪಲೇಬೇಕು.

ಇಷ್ಟಾದರೂ ಲಂಕೆಯವರ ಎಲ್ಲ ನಡೆಯನ್ನೂ ನಾನು ಒಪ್ಪಲಾರೆ. 433ರ ಸುಮಾರಿಗೆ ಸಿಂಹಳದ ಭಿಕ್ಷುಣಿಯರು ಚೀನಾದ ನಾನ್‌ಜಿಂಗ್‌ನಲ್ಲಿ ಅಲ್ಲಿಯ ಹೆಂಗಸರಿಗೆ ದೀಕ್ಷೆ ಕೊಟ್ಟಿದ್ದರು. ಲಂಕೆಯಲ್ಲೇ ನಿಂತುಹೋದ ಆ ಭಿಕ್ಷುಣಿ ಪರಂಪರೆ 1998ರಲ್ಲಿ ಬೋಧಗಯೆಯಲ್ಲಿ ಚೀನೀ ಪರಂಪರೆಯ ಭಿಕ್ಷುಣಿಯರ ನೆರವಿನಿಂದ ಮರಳಿದಾಗ, ಅದು ತಮ್ಮ ಥೇರವಾದದ್ದಲ್ಲ, ಇನ್ನೊಂದು ಬೌದ್ಧ ಪಂಥವಾದ ಮಹಾಯಾನದಿಂದ ಬಂದದ್ದೆಂದು ಇಲ್ಲಿಯ ಹಿರಿಯ ಭಿಕ್ಷುಗಳಲ್ಲಿ ಹಲವರು ಒಪ್ಪಲಿಲ್ಲ. ಭಿಕ್ಷುಗಳಿಗಾಗಿ ಸಯಾಮಿನವರೆಗೆ ಹಡಗು ಕಳುಹಿಸಿದ ನಾಡಿಗೆ ಈ ಬಿಗಿತನ ಒಪ್ಪುವಂಥದ್ದಲ್ಲ.